ಹಾರೈಕೆ ಸಾಕು, ಹರಕೆ ಬೇಡ: ವೀಲ್‌ಚೇರಿನವರಿಗೆ ಮುಂಬಯಿಯ ಮೆಟ್ರೋ, ಲೋಕಲ್, ಬಸ್ಸು ಹೇಗಿವೆ?

ಮುಂಬಯಿಯ ಮೆಟ್ರೋ 3, ಅಂದರೆ ಆಕ್ವಾ ಲೈನಿನ ಸಿದ್ಧಿವಿನಾಯಕ ಸ್ಟೇಷನ್ನಿನಲ್ಲಿ ಮಂಗಳವಾರ ಬೆಳಿಗ್ಗೆ ವೀಲ್‌ಚೇರಿನಲ್ಲಿ ಲಿಫ್ಟ್ ಹತ್ತಿದವರಿಗೆ ಒಂದಲ್ಲ ಒಂದು ಆಶೀರ್ವಾದ ಬೀಳದೆ ಇರುವುದು ಅಪರೂಪ. ದಾಸವಾಳ, ದೂರ್ವೆಯ ಪೊಟ್ಟಣ ಹಿಡಿದ ಮಾವ್ಶಿ, ಅಂದರೆ ಚಿಕ್ಕಮ್ಮನಂಥವರೊಬ್ಬರು, ಕೆಳಗೆ ನೋಡಿ "ಬಾಪ್ಪಾ ಸಗಳಂ ನೀಟ್ ಕರೇಲ್ ಬಾಳಾ" ಅನ್ನುತ್ತಾರೆ, ಗಣಪ ಎಲ್ಲ ಸರಿ ಮಾಡ್ತಾನೆ ಮಗಾ ಅಂತ. ಅಷ್ಟರಲ್ಲಿ ಇನ್ನೊಬ್ಬರ ಕೈ ತಲೆಯ ಮೇಲಿರುತ್ತದೆ. ಬಾಗಿಲು ಮುಚ್ಚಿದೆ, ಲಿಫ್ಟ್ ನಿಧಾನಕ್ಕೆ ಏರುತ್ತಿದೆ, ಕುರ್ಚಿಯಲ್ಲಿ ಕೂತವರಿಗೆ ಸರಿದುಕೊಳ್ಳಲು ಒಂದು ಗೇಣು ಜಾಗವಿಲ್ಲ.

ವೀಲ್‌ಚೇರಿನವರಿಗೆ ಮುಂಬಯಿಯ ಸಾರಿಗೆ ಹೇಗಿದೆ ಎಂದು ಬರೆಯುವವರು ಲಿಫ್ಟು, ರ್‍ಯಾಂಪು, ಬಾಗಿಲಿನ ಅಗಲ ನೋಡಿ ಅಂಕ ಕೊಡುತ್ತಾರೆ. ಅವೆಲ್ಲ ಬೇಕು. ಆದರೆ ದಿನಾ ಓಡಾಡುವವರು ಇನ್ನೊಂದನ್ನೂ ಅಳೆಯುತ್ತಾರೆ: ಗುರುತು ಪರಿಚಯ ಇಲ್ಲದವರು ಬಂದು ದೇವರ ಹೆಸರೆತ್ತಿದಾಗ ಇಲ್ಲಿ ಪಾರಾಗಲು ದಾರಿ ಇದೆಯೇ? ಶಾಂತವಾಗಿ ಉತ್ತರ ಕೊಡುವುದನ್ನು ಜನ ಸ್ವಭಾವಕ್ಕೆ ಕಟ್ಟಿಬಿಡುತ್ತಾರೆ, "ಅವರು ತುಂಬಾ ತಾಳ್ಮೆಯವರು" ಅಂತ. ನಮ್ಮ ಪ್ರಕಾರ ಅದು ಮುಕ್ಕಾಲು ಪಾಲು ಜಾಗಕ್ಕೆ ಸೇರಿದ ವಿಷಯ. ಬೆನ್ನಿಗೆ ಗೋಡೆ ಇದೆ, ಎದುರಿಗೆ ಬಾಗಿಲಿದೆ, ಬ್ರೇಕ್ ಬಿದ್ದಿದೆ, ಹ್ಯಾಂಡಲ್ ಯಾರ ಕೈಗೂ ಸಿಗುವುದಿಲ್ಲ ಅಂದರೆ ಎಂಥ ಸಿಡುಕಿನವರ ಬಾಯಲ್ಲೂ ಮೆತ್ತನೆಯ ಮಾತು ಬರುತ್ತದೆ. ಬೆನ್ನ ಹಿಂದಿನಿಂದ ಯಾರೋ ಕುರ್ಚಿ ಹಿಡಿದು ಮಂತ್ರ ಹೇಳುತ್ತಿದ್ದರೆ ಋಷಿಗೂ ಸಿಟ್ಟು ಬರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಎರಡನ್ನೂ ಒಟ್ಟಿಗೇ ನೋಡಿದೆ.

ಲೆಕ್ಕಕ್ಕೆ ಇಟ್ಟುಕೊಂಡಿರುವುದು ಸ್ವಂತ ಕೈಯಿಂದ ಓಡಿಸುವ ಮಡಚುವ ಕುರ್ಚಿ: ಹಿಂದಿನ ಚಕ್ರ 24 ಇಂಚು, ಮುಂದಿನ ಪುಟ್ಟ ಚಕ್ರ 6ರಿಂದ 8 ಇಂಚು, ತೂಕ 15ರಿಂದ 20 ಕಿಲೋ. ಬ್ಯಾಟರಿ ಕುರ್ಚಿ, ಊರುಗೋಲು, ಬಿಳಿ ಕೋಲಿನವರಿಗೆ ಬೇಕಾದ್ದನ್ನು ಬಂದ ಕಡೆ ಹೇಳಿದೆ.

ಮೊದಲು ಮೆಟ್ರೋ 3. ಆರೇಯಿಂದ ಕಫ್ ಪರೇಡ್‌ವರೆಗೆ 33.5 ಕಿ.ಮೀ., 27 ಸ್ಟೇಷನ್. 2024ರ ಅಕ್ಟೋಬರಿನಲ್ಲಿ ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ವರೆಗೆ, 2025ರ ಮೇ ತಿಂಗಳಲ್ಲಿ ಆಚಾರ್ಯ ಅತ್ರೆ ಚೌಕದವರೆಗೆ, ಅದೇ ವರ್ಷದ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. ಆರೇ ಬಿಟ್ಟರೆ ಉಳಿದದ್ದೆಲ್ಲ ನೆಲದಡಿ. ನೆಲದಡಿ ಎಂದರೆ ವೀಲ್‌ಚೇರಿನವರಿಗೆ ಸಾಮಾನ್ಯವಾಗಿ ಎರಡು ಲಿಫ್ಟ್: ರಸ್ತೆಯಿಂದ ಟಿಕೆಟ್ ಮಹಡಿಗೆ ಒಂದು, ಅಲ್ಲಿಂದ ಪ್ಲಾಟ್‌ಫಾರ್ಮಿಗೆ ಇನ್ನೊಂದು. ಇಳಿಯುವ ಸ್ಟೇಷನ್ನಿನಲ್ಲೂ ಅಷ್ಟೇ. ಒಂದು ಸಲ ಹೋಗಲು ನಾಲ್ಕು ಲಿಫ್ಟ್, ಹೋಗಿ ಬರಲು ಎಂಟು. ಆಶೀರ್ವಾದಗಳು ಬಹುಪಾಲು ಬೀಳುವುದು ಈ ಎಂಟು ಪೆಟ್ಟಿಗೆಗಳಲ್ಲೇ, ಯಾಕೆಂದರೆ ಅಲ್ಲಿ ಎಲ್ಲರೂ ನಿಂತಿರುತ್ತಾರೆ, ಮಾಡಲು ಬೇರೆ ಕೆಲಸವಿಲ್ಲ, ಕಣ್ಣಿಗೆ ಮೊದಲು ಬೀಳುವುದೇ ಕುರ್ಚಿ. ಪ್ರತಿ ಗೇಟಿಗೂ ಲಿಫ್ಟ್ ಇರುವುದಿಲ್ಲ, ಕೆಲವಕ್ಕೆ ಬರೀ ಎಸ್ಕಲೇಟರ್. ಹೊರಡುವ ಮೊದಲೇ ಯಾವ ಗೇಟಿಗೆ ಲಿಫ್ಟ್ ಇದೆ ಎಂದು ತಿಳಿದುಕೊಂಡು ಹೋಗದಿದ್ದರೆ ಫುಟ್‌ಪಾತಿನಲ್ಲಿ ದಾರಿ ಕೇಳುತ್ತಾ ನಿಲ್ಲಬೇಕಾಗುತ್ತದೆ, ಹಾಗೆ ನಿಂತ ಕುರ್ಚಿಯ ಸುತ್ತ ಕ್ಷಣದಲ್ಲಿ ನಾಲ್ಕು ಜನ ಸೇರುತ್ತಾರೆ.

ಲಿಫ್ಟಿಗೆ ಹಿಮ್ಮುಖವಾಗಿ ಹೋಗಬೇಕು. ಇದಕ್ಕೆ ಮೂರು ಕಾರಣ. ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಮುಂದಿನ ಪುಟ್ಟ ಚಕ್ರ; ಹಿಂದಿನ ದೊಡ್ಡ ಚಕ್ರ ಮೊದಲು ದಾಟಿದರೆ ಕುರ್ಚಿ ಮುಗ್ಗರಿಸುವುದಿಲ್ಲ. ಎರಡನೆಯದು, ಹಿಂದಿನ ಹ್ಯಾಂಡಲ್ ಗೋಡೆಗೆ ತಾಗಿ ನಿಲ್ಲುತ್ತದೆ, ಬೆನ್ನ ಹಿಂದೆ ಯಾರೂ ಬರಲಾಗದು. ಮೂರನೆಯದು, ಮಾತಾಡಿಸುವವರು ಎದುರಿಗೋ ಪಕ್ಕಕ್ಕೋ ಇರುತ್ತಾರೆ, ಅವರ ಕೈ ಎತ್ತಿದ್ದು ಕಾಣುತ್ತದೆ. ಕೆಲವು ಲಿಫ್ಟಿಗೆ ಎರಡೂ ಕಡೆ ಬಾಗಿಲಿರುತ್ತದೆ, ಹತ್ತಿದ ಕಡೆ ತೆರೆಯದೆ ಎದುರು ಕಡೆ ತೆರೆಯುತ್ತದೆ. ಅಂಥ ಕಡೆ ನೇರ ಹೋಗಿ ಒಂದು ಪಕ್ಕದ ಗೋಡೆಗೆ ಒತ್ತಿ ನಿಲ್ಲುವುದೇ ಸರಿ. ನಿಂತ ತಕ್ಷಣ ಎರಡೂ ಬ್ರೇಕ್. ಟಕ್ ಟಕ್ ಎಂಬ ಆ ಸದ್ದಿಗೇ ಬೆಲೆಯಿದೆ, ಈ ಕುರ್ಚಿ ಈಗ ಯಾರು ತಳ್ಳಿದರೂ ಹೋಗದು ಎಂದು ಸುತ್ತಲಿನವರಿಗೆ ತಿಳಿಯುತ್ತದೆ.

ಬ್ರೇಕ್ ಹಿಡಿಯದೆ ಇದ್ದರೆ ದೋಷ ಹೆಚ್ಚಾಗಿ ಬ್ರೇಕಿನದಲ್ಲ, ಟೈರಿನದು. ಈ ಕುರ್ಚಿಗಳ ಬ್ರೇಕ್ ಟೈರನ್ನೇ ಒತ್ತಿ ಹಿಡಿಯುವ ಲೋಹದ ತುಂಡು. ಟೈರಿನ ಗಾಳಿ ಇಳಿದರೆ ಒತ್ತಲು ಏನೂ ಇರುವುದಿಲ್ಲ, ಲಿವರ್ ಬಿದ್ದರೂ ಚಕ್ರ ಜಾರುತ್ತದೆ. ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಸೈಕಲ್ ಅಂಗಡಿಯಲ್ಲಿ ಗಾಳಿ ಹಾಕಿಸಿ. ಗಟ್ಟಿ ರಬ್ಬರಿನ ಟೈರಾದರೆ ಸವೆದಷ್ಟೂ ಬ್ರೇಕನ್ನು ಮುಂದಕ್ಕೆ ಸರಿಸಿ ಬೋಲ್ಟ್ ಬಿಗಿ ಮಾಡಬೇಕು. ಮಳೆಗಾಲದಲ್ಲಿ ಒದ್ದೆ ಟೈರಿಗೆ ಹಿಡಿತ ಇನ್ನೂ ಕಡಿಮೆ, ಲಿಫ್ಟ್ ಹತ್ತುವ ಮೊದಲು ಒಂದು ಬಟ್ಟೆಯಿಂದ ಒರೆಸಿಕೊಳ್ಳುವುದು ಒಳ್ಳೆಯದು.

ಹ್ಯಾಂಡಲಿನ ವಿಷಯದಲ್ಲಿ ಕೆಲವರು ಹಿಂದಕ್ಕೆ ಬ್ಯಾಗ್ ನೇತು ಹಾಕಿ ಮುಚ್ಚುತ್ತಾರೆ. ಉಪಾಯ ಸರಿ, ಆದರೆ ಎರಡು ಕಿಲೋ ಮೀರಬಾರದು. ಹಿಂದೆ ಭಾರ ಜಾಸ್ತಿಯಾದರೆ ರ್‍ಯಾಂಪ್ ಏರುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹೊಸ ಕುರ್ಚಿ ಕೊಳ್ಳುವವರು ಮಡಚುವ ಹ್ಯಾಂಡಲನ್ನೇ ಕೇಳಿ ತೆಗೆದುಕೊಳ್ಳಿ. ಬ್ಯಾಟರಿ ಕುರ್ಚಿಯವರು ಮಾತಿಗೆ ಮೊದಲು ಜಾಯ್‌ಸ್ಟಿಕ್ಕಿನ ಸ್ವಿಚ್ ಆಫ್ ಮಾಡಬೇಕು. ಆಶೀರ್ವಾದಕ್ಕೆ ಬಗ್ಗಿದವರ ಸೆರಗೋ ಚೀಲವೋ ತಾಗಿದರೂ ಸಾಕು, ಅಷ್ಟು ಭಾರದ ಕುರ್ಚಿ ಎದುರಿಗಿರುವವರ ಕಾಲ ಮೇಲೆ ಹೋಗುತ್ತದೆ.

ಪ್ಲಾಟ್‌ಫಾರ್ಮಿನಲ್ಲಿ ಮೆಟ್ರೋ 3 ಪೂರ್ತಿ ಅಂಕ ಗಳಿಸುತ್ತದೆ. ಹಳಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಗಾಜಿನ ಗೋಡೆ ಇದೆ, ರೈಲು ಬಂದ ಮೇಲಷ್ಟೇ ಅದರ ಬಾಗಿಲು ತೆರೆಯುತ್ತದೆ. ಯಾರೋ ಸಹಾಯ ಮಾಡಲು ಹೋಗಿ ಕುರ್ಚಿ ನೂಕಿದರೂ ಹಳಿಗೆ ಬೀಳುವ ಭಯ ಇಲ್ಲ. ಈ ಭಯ ಇಲ್ಲದಿರುವುದು ಮಾತಿನ ದನಿಯನ್ನೇ ಬದಲಿಸುತ್ತದೆ. ಬೋಗಿಯೊಳಗೆ ವೀಲ್‌ಚೇರಿಗೆ ಗುರುತು ಹಾಕಿದ ಜಾಗವಿದೆ, ಅಲ್ಲಿ ಬೆನ್ನು ಗೋಡೆಗೆ ಕೊಟ್ಟು ನಿಲ್ಲಿ. ಹತ್ತುವಾಗ ಸಂದಿಗೆ ನೇರ ತೊಂಬತ್ತು ಡಿಗ್ರಿಯಲ್ಲಿ ಹೋಗಬೇಕು. ಓರೆಯಾಗಿ ಹೋದರೆ ಒಂದು ಪುಟ್ಟ ಚಕ್ರ ತಿರುಗಿ ಸಂದಿಗೆ ಇಳಿಯುತ್ತದೆ. ದಾದರ್, ಸಿದ್ಧಿವಿನಾಯಕ, ವರ್ಲಿ ಈ ಮೂರು ಒಂದರ ಹಿಂದೆ ಒಂದಿವೆ. ಪ್ರಭಾದೇವಿಯಲ್ಲಿ ಬೇರೆ ಕೆಲಸಕ್ಕೆ ಹೋಗುವವರು ಅಂಗಾರಕ ಸಂಕಷ್ಟಿಯ ದಿನ ಸಿದ್ಧಿವಿನಾಯಕದಲ್ಲಿ ಇಳಿಯದೆ ಇದ್ದರೆ ಲಿಫ್ಟಿನ ಸಾಲಿನಿಂದಲೂ ಮಾತಿನಿಂದಲೂ ಪಾರಾಗಬಹುದು. ಹೆಸರು ಕೇಳಿ ಮಹಾಲಕ್ಷ್ಮಿ ಸ್ಟೇಷನ್ನಿನಲ್ಲೂ ಭಕ್ತರ ನೂಕುನುಗ್ಗಲು ಎಂದುಕೊಳ್ಳಬೇಡಿ, ಅದು ರೈಲ್ವೇ ಸ್ಟೇಷನ್ನಿನ ಕಡೆಗಿದೆ, ದೇವಸ್ಥಾನ ದೂರ.

ಈಗ ಉತ್ತರದ ವಿಷಯ. ಕನ್ನಡದಲ್ಲಿ ನಮಗೆ ಎರಡು ಶಬ್ದಗಳಿವೆ, ಹಾರೈಕೆ ಮತ್ತು ಹರಕೆ. ಹಾರೈಕೆ ಕೊಟ್ಟವರು ಕೊಟ್ಟು ಹೋಗುತ್ತಾರೆ, ಪಡೆದವರ ಮೇಲೆ ಭಾರವಿಲ್ಲ. ಹರಕೆ ಹಾಗಲ್ಲ. ಹರಕೆಯನ್ನು ಹೊರುತ್ತೇವೆ, ತೀರಿಸುತ್ತೇವೆ, ಸಾಲದ ಹಾಗೆ. ಕರಾವಳಿಯ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಕೈಕಾಲು ಒಪ್ಪಿಸುವುದೂ ಹರಕೆ ತೀರಿಸುವ ಬಗೆಯೇ. ಗುರುತಿಲ್ಲದವರು ನಮ್ಮ ಕಾಲಿನ ಹೆಸರಲ್ಲಿ ಹರಕೆ ಹೊತ್ತರೆ, ಆ ಕಾಲು ಇರುವ ಹಾಗೇ ಇರುವುದು ಒಂದು ತೀರದ ಬಾಕಿ ಎಂದು ಅವರು ಒಪ್ಪಿಕೊಂಡ ಹಾಗಾಯಿತು. ಬೇಸರ ಆಗುವುದು ಅಲ್ಲಿ. ಹಾಗಾಗಿ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೋ, ಮಾಹಿಮಿನ ಕರ್ನಾಟಕ ಸಂಘಕ್ಕೋ ಹೊರಟಾಗ ಸಿಗುವ ನಮ್ಮವರ ಜೊತೆ ಈ ಎರಡು ಶಬ್ದವೇ ಕೆಲಸ ಮಾಡುತ್ತವೆ.

"ಮಗಾ, ಕಾಲಿಗೆ ಎಂತ ಆದದ್ದು?"

"ಎಂತ ಇಲ್ಲ ಅಜ್ಜಿ. ಓಡಾಟ ಕುರ್ಚಿಯಲ್ಲೇ."

"ಕಟೀಲಿಗೆ ಒಂದು ಆಟ ಹೇಳಿಕೊಳ್ತೇನೆ ನಿನ್ನ ಹೆಸರಲ್ಲಿ."

"ಹಾರೈಕೆ ಸಾಕು ಅಜ್ಜಿ, ಹರಕೆ ಬೇಡ. ನೀವೆಲ್ಲಿಗೆ ಹೊರಟದ್ದು?"

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕಟೀಲಿನ ಹರಕೆ ಆಟ, ಅಂದರೆ ಹರಕೆಯ ಯಕ್ಷಗಾನ, ವರ್ಷಗಟ್ಟಲೆ ಮುಂಚೆ ಬುಕ್ ಆಗಿರುತ್ತದೆ ಎಂದು ವಾದಿಸಲು ಹೋದರೆ ಮಾತು ಅಲ್ಲೇ ಬೆಳೆಯುತ್ತದೆ. ಅವರ ಪ್ರಯಾಣ ಕೇಳಿದರೆ ಕಾಲಿನ ಮೇಲಿದ್ದ ಕಣ್ಣು ಮುಖಕ್ಕೆ ಬರುತ್ತದೆ. ತುಳುವಿನಲ್ಲಿ "ದೇವೆರ್ ಎಡ್ಡೆ ಮಲ್ಪಡ್" (ದೇವರು ಒಳ್ಳೆಯದು ಮಾಡಲಿ) ಎಂದವರಿಗೆ "ನಿಕ್ಲೆಗ್‌ಲಾ" ಎಂದರೆ ಮುಗಿಯಿತು, ನಿಮಗೂ ಅಂತ.

ಮರಾಠಿ ಹಿಂದಿಯಲ್ಲಿ ಉತ್ತರ ಇನ್ನೂ ಚಿಕ್ಕದಿರಲಿ. "ಧನ್ಯವಾದ್ ಮಾವ್ಶಿ, ಮೀ ಠೀಕ್ ಆಹೇ." "ಶುಕ್ರಿಯಾ ಚಾಚಾ, ಮೈ ಠೀಕ್ ಹೂಂ." ಇಷ್ಟು ಹೇಳಿ ಕಣ್ಣನ್ನು ಬಾಗಿಲಿನ ಮೇಲಿನ ಅಂಕಿಗೆ ತಿರುಗಿಸಿ. ಉತ್ತರ ಅವರ ಮೊದಲ ವಾಕ್ಯ ಮುಗಿದ ಕೂಡಲೇ ಬರಬೇಕು. ತಡವಾದರೆ ಆ ಮೌನವನ್ನು ಅವರು ಒಪ್ಪಿಗೆ ಎಂದುಕೊಳ್ಳುತ್ತಾರೆ, ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದವರನ್ನು ನಡುವೆ ನಿಲ್ಲಿಸುವುದು ಎರಡು ಕಡೆಗೂ ಕಷ್ಟ. ನಗುವೂ ಅಷ್ಟೇ, ಜಾಸ್ತಿ ನಕ್ಕರೆ ನಾಚಿಕೆಯಿಂದ ಒಪ್ಪಿದ್ದಾರೆ ಎಂದು ಅರ್ಥವಾಗುತ್ತದೆ.

ತಪ್ಪುವುದು ಹೆಚ್ಚಾಗಿ ಎಲ್ಲಿ ಎಂದರೆ ಕಾರಣ ವಿವರಿಸುವುದರಲ್ಲಿ. ಬೆನ್ನುಹುರಿಯ ಪೆಟ್ಟು, ಪೋಲಿಯೋ, ಮಸ್ಕ್ಯುಲರ್ ಡಿಸ್ಟ್ರೊಫಿ ಎಂದು ಹೆಸರು ಹೇಳಿದ ಕೂಡಲೇ ಅದಕ್ಕೊಂದು ಎಣ್ಣೆ, ಒಂದು ಊರು, ಒಬ್ಬ ಬಾಬಾ, ಅವರ ಭಾವನ ಮಗ ಗುಣವಾದ ಕಥೆ ಬರುತ್ತದೆ. ಸೌಜನ್ಯಕ್ಕೆಂದು ಕೊಟ್ಟ ಒಂದು ವಾಕ್ಯ ಹತ್ತು ಪ್ರಶ್ನೆ ತರುತ್ತದೆ. ಇನ್ನೊಂದು ತಪ್ಪು ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ. ಅದಕ್ಕೆ ಲಿಫ್ಟ್ ಜಾಗವಲ್ಲ, ಗೆದ್ದರೂ ಸುತ್ತಲಿನ ಆರು ಜನ ಮುನಿಸಿಕೊಂಡಿರುತ್ತಾರೆ, ನಾಳೆ ಅದೇ ಲಿಫ್ಟಿನ ಬಾಗಿಲು ಹಿಡಿಯುವವರೂ ಅವರೇ.

ಕೈ ಮುಟ್ಟುವವರಿಗೆ ಬೇರೆ ಕ್ರಮ. ಅವರ ಕೈ ಎತ್ತಿದ್ದು ಕಂಡ ಕೂಡಲೇ ನಿಮ್ಮ ಅಂಗೈಯನ್ನು ಎದೆಯ ಮಟ್ಟಕ್ಕೆ ತನ್ನಿ, "ಹಾತ್ ನಕಾ ಲಾವೂ" ಎಂದು ಮೆಲ್ಲಗೆ, ಸ್ಪಷ್ಟವಾಗಿ ಹೇಳಿ. ಹಿಂದಿಗೆ "ಹಾಥ್ ಮತ್ ಲಗಾಯಿಯೇ". ದನಿ ಎತ್ತುವುದು ಬೇಡ, ಆದರೆ ಕೊನೆಯ ಅಕ್ಷರವನ್ನು ಎಳೆಯಬೇಡಿ, ಎಳೆದರೆ ವಿನಂತಿಯ ಹಾಗೆ ಕೇಳಿಸುತ್ತದೆ. ಊರುಗೋಲಿನವರಿಗೆ ಎರಡೂ ಕೈ ಕೆಲಸದಲ್ಲಿರುತ್ತವೆ, ಭುಜದ ಮೇಲೆ ಬಿದ್ದ ಒಂದು ಕೈ ಸಾಕು ನೆಲಕ್ಕೆ ಬೀಳಲು. "ಮುಟ್ಟಬೇಡಿ, ಬ್ಯಾಲೆನ್ಸ್ ತಪ್ಪುತ್ತದೆ" ಎಂಬ ಮಾತು ನಿಜವೂ ಹೌದು, ಅದನ್ನು ಕೇಳಿದವರು ಕೂಡಲೇ ಕೈ ತೆಗೆಯುತ್ತಾರೆ, ಯಾರಿಗೂ ಅವಮಾನ ಆಗುವುದಿಲ್ಲ. ಬಿಳಿ ಕೋಲಿನವರ ತೋಳು ಹಿಡಿದು "ಭಗವಾನ್ ರೋಶನಿ ದೇ" ಎನ್ನುತ್ತಾ ನಡೆಸಿಕೊಂಡು ಹೋಗುವವರಿದ್ದಾರೆ. ಅಲ್ಲೇ ನಿಂತುಬಿಡಿ, ಹೆಜ್ಜೆ ಹಾಕಬೇಡಿ. "ನನ್ನ ಕೈ ಬಿಡಿ, ನಿಮ್ಮ ಮೊಣಕೈ ನಾನು ಹಿಡಿಯುತ್ತೇನೆ" ಎನ್ನಿ. ಹಿಡಿದವರು ಅರ್ಧ ಹೆಜ್ಜೆ ಹಿಂದೆ ಇರುತ್ತಾರೆ, ಮುಂದಿನವರ ಮೈ ಏರಿದ್ದು ಇಳಿದದ್ದು ಮೊಣಕೈಯಿಂದಲೇ ತಿಳಿಯುತ್ತದೆ.

ಹಣೆಗೆ ಅಂಗಾರದ ಬೂದಿ, ಕುಂಕುಮ ಹಚ್ಚಲು ಬಂದರೆ ತಲೆ ಹಿಂದಕ್ಕೆ ಎಳೆದುಕೊಳ್ಳುವ ಬದಲು ಅಂಗೈ ಮುಂದಕ್ಕೆ ಚಾಚಿ. "ಕೈಗೆ ಕೊಡಿ" ಎಂದರೆ ಸಾಕು. ಕೈಗೆ ಬಂದದ್ದನ್ನು ಹಚ್ಚಿಕೊಳ್ಳುವುದೋ ಕಾಗದದಲ್ಲಿ ಕಟ್ಟಿಡುವುದೋ ನಿಮ್ಮ ಇಷ್ಟ. ಪೇಡೆಗೂ ಇದೇ ನಿಯಮ. ಮಡಿಲಿಗೆ ಹತ್ತು ರೂಪಾಯಿ ನಾಣ್ಯ ಬಿದ್ದರೆ ಅದೇ ಕ್ಷಣ ಅವರ ಕೈಗೇ ಹಿಂದಿರುಗಿಸಿ, "ಬೇಡ, ನಾನು ಕೆಲಸಕ್ಕೆ ಹೊರಟಿದ್ದೇನೆ" ಎಂದು. ಒಂದು ನಿಮಿಷ ಕಳೆದರೆ ಕೊಟ್ಟವರು ಇಳಿದು ಹೋಗಿರುತ್ತಾರೆ, ನಾಣ್ಯ ದಿನವೆಲ್ಲ ಜೇಬಿನಲ್ಲಿ ಚುಚ್ಚುತ್ತದೆ. ತೊಡೆಯ ಮೇಲೆ ಒಂದು ಬಟ್ಟೆಚೀಲವೋ ಪುಸ್ತಕವೋ ಇದ್ದರೆ ನಾಣ್ಯ ಬೀಳುವುದೇ ಕಡಿಮೆ. ಖಾಲಿ ಮಡಿಲನ್ನು ಜನ ಜೋಳಿಗೆ ಎಂದು ಓದಿಕೊಳ್ಳುತ್ತಾರೆ, ದುಃಖದ ಮಾತಾದರೂ ನಿಜ.

ಮಾಹಿಮಿನ ಸೇಂಟ್ ಮೈಕೆಲ್ ಚರ್ಚಿನಲ್ಲಿ ಪ್ರತಿ ಬುಧವಾರ ನೊವೇನಾ ಎಂಬ ಪ್ರಾರ್ಥನೆ ಇರುತ್ತದೆ, ಎಲ್ಲ ಧರ್ಮದವರೂ ಹೋಗುತ್ತಾರೆ. ಬಾಂದ್ರಾದ ಮೌಂಟ್ ಮೇರಿಗೆ ಸೆಪ್ಟೆಂಬರ್ 8ರ ಹಬ್ಬ, ಅದರ ಸುತ್ತಿನ ಜಾತ್ರೆ. ಅಲ್ಲಿ ದಾರಿಯುದ್ದಕ್ಕೂ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಮಾರುತ್ತಾರೆ. ಯಾವುದು ಗುಣವಾಗಬೇಕೋ ಅದರ ಆಕಾರದ ಮೇಣವನ್ನು ಕೊಂಡು ಒಪ್ಪಿಸುವುದು ರೂಢಿ. ವೀಲ್‌ಚೇರನ್ನು ಕಂಡ ಯಾರೋ ಒಂದು ಜೊತೆ ಕಾಲು ಕೊಂಡು ತಂದು ಕೈಗಿಡಲು ಬರಬಹುದು. ದುಡ್ಡು ಕೊಟ್ಟಾಗಿದೆ, ಬೇಡ ಎಂದರೆ ಮನಸ್ಸು ನೋಯುತ್ತದೆ. ಅಲ್ಲಿ "ನಿಮ್ಮ ಮನೆಯವರ ಹೆಸರಲ್ಲಿ ಇಡಿ" ಎಂಬ ಮಾತು ಸರಿಹೊಂದುತ್ತದೆ. ಮೇಣವೂ ಉಳಿಯಿತು, ನಿಮ್ಮ ಹೆಸರೂ ಉಳಿಯಿತು. "ನಿಮಗಾಗಿ ಪ್ರಾರ್ಥಿಸಬಹುದೇ?" ಎಂದು ಕೇಳಿಯೇ ಬರುವವರಿಗೆ ಮೆಚ್ಚುಗೆ ಸಲ್ಲಬೇಕು, ಕೇಳುವುದೇ ದೊಡ್ಡದು. ಅವರಿಗೆ "ಈಗ ಬೇಡ" ಅನ್ನಬೇಡಿ, ಈಗ ಎಂಬ ಶಬ್ದಕ್ಕೆ ಆಮೇಲೆ ಎಂಬ ಬಾಲ ಇದೆ. "ಬೇಡ, ಕೇಳಿದ್ದಕ್ಕೆ ಥ್ಯಾಂಕ್ಸ್" ಸಾಕು. ಪ್ರಾರ್ಥನೆ ಬೇಕು ಅನ್ನಿಸುವವರೂ ಇದ್ದಾರೆ, ಅವರು ಕಾಲಿನ ಬದಲು ನಿಜವಾಗಿ ಬೇಕಾದ್ದನ್ನೇ ಹೇಳಲಿ: ನಾಳೆ ಪರೀಕ್ಷೆ ಇದೆ, ಅಮ್ಮನಿಗೆ ಆಪರೇಷನ್ ಇದೆ, ಅದಕ್ಕೆ ಹಾರೈಸಿ ಅಂತ.

ಜೊತೆಗೆ ಬಂದವರಿಗೂ ಒಂದು ಮಾತು. "ಇವರಿಗೆ ಏನಾಗಿದೆ?" ಎಂದು ನಿಮ್ಮನ್ನು ಕೇಳುತ್ತಾರೆ, ಕುರ್ಚಿಯಲ್ಲಿ ಕೂತವರನ್ನಲ್ಲ. ಉತ್ತರ ಕೊಡಬೇಡಿ. ಸುಮ್ಮನೆ ಕುರ್ಚಿಯವರ ಮುಖ ನೋಡಿ, ಕೇಳಿದವರ ಕಣ್ಣೂ ಅತ್ತ ತಿರುಗುತ್ತದೆ. ಜೊತೆಗಾರರು ಸಿಟ್ಟಾಗಿ ಜಗಳಕ್ಕೆ ನಿಂತರೆ ಕೂತವರಿಗೆ ಎರಡು ಕೆಲಸ, ಅಪರಿಚಿತರನ್ನೂ ಸಮಾಧಾನ ಮಾಡಬೇಕು, ನಿಮ್ಮನ್ನೂ.

ಲೋಕಲ್ ರೈಲಿಗೆ ಬರೋಣ. ಅಗ್ಗ, ವೇಗ, ಊರಿನ ಮೂಲೆಮೂಲೆಗೂ ಹೋಗುತ್ತದೆ, ಡೊಂಬಿವಲಿ, ವಿರಾರ್ ಕಡೆಯ ನಮ್ಮವರಿಗೆ ಬೇರೆ ಗತಿಯೂ ಇಲ್ಲ. ಆದರೆ ವೀಲ್‌ಚೇರಿನವರಿಗೆ ಇದು ಕಡಿಮೆ ಅಂಕದ ಸವಾರಿ. ಬಾಂಬೆ ಹೈಕೋರ್ಟಿನ ಆದೇಶದ ಮೇಲೆ ಪ್ಲಾಟ್‌ಫಾರ್ಮುಗಳನ್ನು 900 ಮಿಲಿಮೀಟರಿನಷ್ಟು ಎತ್ತರಿಸಿದ್ದಾರೆ, ಆದರೂ ಬೋಗಿಯ ನೆಲ ಇನ್ನೂ ಮೇಲಿದೆ, ನಡುವೆ ಸಂದಿಯೂ ಇದೆ, ರೈಲು ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಇಬ್ಬರು ಎತ್ತಲೇಬೇಕು. ಎತ್ತುವವರು ಹೆಚ್ಚಾಗಿ ಹತ್ತಿರ ನಿಂತ ಪ್ರಯಾಣಿಕರು. ಅವರಿಗೆ ರೈಲು ಬರುವ ಮೊದಲೇ ಹೇಳಿಕೊಡಿ: ಕೈ ಊರುವ ಹಿಡಿಗಳನ್ನೂ ಕಾಲಿಡುವ ಹಲಗೆಯನ್ನೂ ಹಿಡಿಯಬೇಡಿ, ಅವು ಕಳಚಿ ಬರುತ್ತವೆ. ಒಬ್ಬರು ಹಿಂದಿನ ಹ್ಯಾಂಡಲ್, ಇನ್ನೊಬ್ಬರು ಮುಂದಿನ ಚೌಕಟ್ಟಿನ ಕೊಳವೆ. ಕುರ್ಚಿಯ ಬೆನ್ನು ರೈಲಿನ ಕಡೆ, ದೊಡ್ಡ ಚಕ್ರ ಮೊದಲು ಏರಬೇಕು. "ಏಕ್, ದೋನ್, ತೀನ್" ಎಣಿಸುವವರು ಕುರ್ಚಿಯಲ್ಲಿ ಕೂತವರೇ ಆಗಿರಲಿ. ಎತ್ತಿದವರು "ದೇವ ತುಮ್ಚಂ ಭಲಂ ಕರೋ" (ದೇವರು ನಿಮಗೆ ಒಳ್ಳೆಯದು ಮಾಡಲಿ) ಎಂದರೆ ಅವರ ಹೆಗಲು ನೋಯುತ್ತಿರುವಾಗ ಬಂದ ಮಾತು ಅದು. "ತುಮ್ಚಂ ಪಣ್ ದಾದಾ" ಎನ್ನಿ, ನಿಮ್ಮದೂ ಅಣ್ಣಾ ಅಂತ, ಮನಸ್ಸಿಟ್ಟು.

ದಿವ್ಯಾಂಗ ಡಬ್ಬಿ, ಅಂದರೆ ಅಂಗವಿಕಲರಿಗೆ ಮೀಸಲಾದ ಬೋಗಿ, ನಿಲ್ಲುವ ಜಾಗ ಹುಡುಕಲು ಪ್ಲಾಟ್‌ಫಾರ್ಮಿನಲ್ಲಿ ಬೀಪರ್ ಇರುತ್ತದೆ, ಕಣ್ಣು ಕಾಣದವರಿಗೆಂದು ಹಾಕಿದ್ದು, ಎಲ್ಲರಿಗೂ ಉಪಯೋಗ. ಈ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು ಕೂಡ ಹತ್ತಬಹುದು. ಇದನ್ನು ನೆನಪಿಟ್ಟುಕೊಳ್ಳಬೇಕು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಪಕ್ಕದಲ್ಲಿ ಕೂತು ನಿಮಗಾಗಿ ಜಪಮಣಿ ಎಣಿಸುತ್ತಿರುವವರು ಪರೇಲಿನ ಟಾಟಾ ಆಸ್ಪತ್ರೆಗೆ ಕೀಮೋಗೆ ಹೊರಟಿರಬಹುದು. ಲಿಫ್ಟಿನ ಆಶೀರ್ವಾದ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಇಲ್ಲಿ ಇಬ್ಬರೂ ಒಂದೇ ಬೆಂಚಿನವರು, ಹಾಗಾಗಿ ಉತ್ತರದಲ್ಲಿ "ನಿಮಗೂ" ಎಂಬುದು ಇರಲೇಬೇಕು.

ಇದೇ ಡಬ್ಬಿಯ ಬಗ್ಗೆ ಇನ್ನೂ ಎರಡು ಮಾತು. ಅರ್ಹತೆ ಇಲ್ಲದವರು ಹತ್ತಿ ಬಾಗಿಲು ತುಂಬಿಕೊಳ್ಳುವುದು ಹಳೆಯ ಕಾಯಿಲೆ. ರೈಲ್ವೇ ಕಾಯ್ದೆಯ 155ನೇ ಕಲಮಿನಲ್ಲಿ 500 ರೂಪಾಯಿವರೆಗೆ ದಂಡವಿದೆ, 139ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಎರಡನೆಯದು ಗೋಡೆಗೆ ಅಂಟಿಸಿದ ಬಾಬಾ ಬಂಗಾಲಿಯ ಚೀಟಿಗಳು, ಮತ್ತು ಅದೇ ಬಗೆಯ ಕಾರ್ಡನ್ನು ಕೈಗೆ ತುರುಕುವವರು. ಪಾರ್ಶ್ವವಾಯು ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆ ಕಾಯ್ದೆಯ ಪ್ರಕಾರ ಅಪರಾಧ. ಕಾರ್ಡ್ ಕೊಟ್ಟ ಹುಡುಗನ ಜೊತೆ ವಾದ ಬೇಡ, ತೆಗೆದುಕೊಳ್ಳದಿದ್ದರೆ ಆಯಿತು. ಆದರೆ ನಿಮ್ಮ ಫೋನ್ ನಂಬರನ್ನು ಮಾತ್ರ ಯಾರಿಗೂ ಕೊಡಬೇಡಿ, ಪ್ರಾರ್ಥನಾ ಗುಂಪಿಗೆ ಸೇರಿಸಲಿಕ್ಕೂ ಕೊಡಬೇಡಿ.

ಕಾನೂನಿನ ಮಾತು ಬಂದದ್ದಕ್ಕೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮು ಸಾರ್ವಜನಿಕವಾಗಿ, ಬೇಕೆಂದೇ ಅವಮಾನ ಮಾಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ ಹೇಳುತ್ತದೆ. ಹೂವಿನ ಪೊಟ್ಟಣದ ಮಾವ್ಶಿಗಾಗಿ ಮಾಡಿದ ಕಾನೂನಲ್ಲ ಅದು. "ಹಿಂದಿನ ಜನ್ಮದ ಪಾಪ, ಅದಕ್ಕೇ ಹೀಗೆ" ಎಂದು ಡಬ್ಬಿಯ ತುಂಬ ಕೇಳುವ ಹಾಗೆ ಕೂಗಿ, ಬೇಡ ಎಂದರೂ ಬಿಡದವರಿಗೆ ಅದನ್ನು ನೆನಪಿಸಬಹುದು.

ಬೆಸ್ಟ್, ಅಂದರೆ ಮುಂಬಯಿಯ ಸಿಟಿ ಬಸ್ಸಿನ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಕೆಳನೆಲದ ಎಲೆಕ್ಟ್ರಿಕ್ ಬಸ್ಸಿಗೆ ಬಾಗಿಲಲ್ಲಿ ಮಡಚುವ ರ್‍ಯಾಂಪ್ ಇದೆ. ಡ್ರೈವರ್ ಬಸ್ಸನ್ನು ಫುಟ್‌ಪಾತಿಗೆ ತಾಗುವಷ್ಟು ಹತ್ತಿರ ತಂದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ರಸ್ತೆಯ ನಡುವೆ ನಿಲ್ಲಿಸಿ ರ್‍ಯಾಂಪನ್ನು ನೆಲಕ್ಕೆ ಇಳಿಸಿದರೆ ವಿಪರೀತ ಕಡಿದಾಗುತ್ತದೆ. ಕೈಯಿಂದ ಏರಲು 1ಕ್ಕೆ 12ರ ಇಳಿಜಾರು ಬೇಕು, ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದ. ಕಂಡಕ್ಟರ್ ರ್‍ಯಾಂಪ್ ಬಿಚ್ಚುವಾಗ ಇಡೀ ಬಸ್ಸು ನೋಡುತ್ತಿರುತ್ತದೆ, ಹಿಂದಿನಿಂದ ಹಾರ್ನ್ ಬೇರೆ. ಆ ಹೊತ್ತಿಗೆ ಬಂದ ಯಾವ ಆಶೀರ್ವಾದಕ್ಕೂ ಒಂದು ತಲೆಯಾಡಿಕೆ ಸಾಕು, ಕಣ್ಣು ಚಕ್ರದ ಮೇಲಿರಲಿ.

ಕಾಲಿ ಪೀಲಿ, ಅಂದರೆ ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಯಲ್ಲಿ ಡಿಕ್ಕಿಯ ಜಾಗವನ್ನು ಸಿಎನ್‌ಜಿ ಸಿಲಿಂಡರ್ ತಿಂದಿರುತ್ತದೆ, ಕುರ್ಚಿ ಮೇಲಿನ ಕ್ಯಾರಿಯರಿಗೆ ಹೋಗಬೇಕು. ಒತ್ತಿದರೆ ಕಳಚುವ ಚಕ್ರವಿದ್ದರೆ ಚೌಕಟ್ಟು ಮುಂದಿನ ಸೀಟಿನಲ್ಲಿ ಹಿಡಿಯುತ್ತದೆ. ಒಮ್ಮೆ ಹೊರಟರೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ, ಚಾಲಕರ ಹತ್ತಿರ ಒಂದು ದರ್ಗಾದ ಕಥೆಯೋ ಗಾಣಗಾಪುರದ ಕಥೆಯೋ ಇದ್ದರೆ ಇಳಿದು ಹೋಗುವ ಹಾಗಿಲ್ಲ, ಕುರ್ಚಿ ಮಾಡಿನ ಮೇಲಿದೆ. ಹತ್ತಿದ ಕೂಡಲೇ ದಾರಿಯ ಮಾತು ತೆಗೆಯಿರಿ, ಸೀ ಲಿಂಕೋ, ಮಾಹಿಮ್ ಕಾಸ್‌ವೇಯೋ ಎಂದು. ಆಮೇಲೂ ಕಥೆ ಶುರುವಾದರೆ ಒಂದೇ ಸಲ, "ಭಯ್ಯಾ, ಈ ವಿಷಯ ಬೇಡ, ಬೇರೆ ಏನಾದರೂ ಹೇಳಿ" ಎನ್ನಿ. ಊರು ಯಾವುದು ಎಂದು ಕೇಳಿದರೆ ಇನ್ನೂ ಒಳ್ಳೆಯದು. ಜೌನ್‌ಪುರದ ಮಾವಿನ ತೋಟದ ಮಾತು ಚರ್ಚ್‌ಗೇಟ್ ಬರುವವರೆಗೂ ನಡೆಯುತ್ತದೆ. ಇಳಿಯುವಾಗ ಕುರ್ಚಿ ಇಳಿಸಿ, ಚಕ್ರ ಎರಡೂ ಕೂತಿವೆಯೇ ಎಂದು ಎಳೆದು ನೋಡಿ, ಬ್ರೇಕ್ ಹಾಕಿ, ಆಮೇಲೆ ದುಡ್ಡು ಕೊಡಿ.